ವಿಡಾಲ್ ಚೀಟಿ ಹೇಳಿದ ಟೈಫಾಯ್ಡ್: ಒಂದು ಜ್ವರ ಪ್ರಕರಣದ ಅಧ್ಯಯನ

ದಕ್ಷಿಣ ಕರ್ನಾಟಕದ ರೇಷ್ಮೆ ಬೆಳೆಯುವ ತಾಲ್ಲೂಕೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದ 50 ಹಾಸಿಗೆಯ ಆಸ್ಪತ್ರೆಯಲ್ಲಿ ನಡೆದ ಪ್ರಕರಣ ಇದು. ರೋಗಿಯ ಗುರುತು ಸಿಗಬಾರದೆಂದು ವಯಸ್ಸು, ಊರು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಜ್ವರದ ದಿನಗಳ ಲೆಕ್ಕ, ಪರೀಕ್ಷೆಗಳ ಫಲಿತಾಂಶ, ನಾವು ಕೈಗೊಂಡ ತೀರ್ಮಾನಗಳು, ಆ ತೀರ್ಮಾನಗಳಲ್ಲಿದ್ದ ತಪ್ಪುಗಳು ಇವನ್ನೆಲ್ಲ ಇದ್ದಂತೆಯೇ ಬರೆದಿದ್ದೇನೆ. ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ ಆದ್ದರಿಂದ ಅವನ್ನು ಬಿಡಿಸಿ ಹೇಳುವ ಹೊಣೆಯೂ ನನ್ನದೇ ಎಂದು ಭಾವಿಸಿದ್ದೇನೆ.

ಹಿನ್ನೆಲೆ

ರೋಗಿ ಸುಮಾರು 35 ವರ್ಷದ ಗೃಹಿಣಿ ಎಂದು ನಮ್ಮ ಕೇಸ್ ಶೀಟಿನಲ್ಲಿ ಬರೆದಿತ್ತು. ವಾಸ್ತವವಾಗಿ ಅವರು ಬೆಳಿಗ್ಗೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸಿ, ಮಧ್ಯಾಹ್ನ ಬದುವಿನ ಮೇಲಿನ ಹುಲ್ಲು ಕೊಯ್ದು, ಎರಡು ಹಸುಗಳಿಗಾಗುವಷ್ಟು ಹೊರೆ ತಲೆಯ ಮೇಲೆ ಹೊತ್ತು ತಂದು, ಸಂಜೆ ಡೈರಿಗೆ ಹಾಲು ಹಾಕಿ ಬರುವವರು. ದಿನದಲ್ಲಿ ಆರೇಳು ಗಂಟೆ ಹುಲ್ಲು, ಪೊದೆ, ಮಣ್ಣಿನ ನಡುವೆ ಇರುವ ಒಬ್ಬರನ್ನು ‘ಗೃಹಿಣಿ’ ಎಂಬ ಒಂದೇ ಪದ ಮನೆಯೊಳಗೆ ಕೂರಿಸಿಬಿಟ್ಟಿತ್ತು. ಕೆಲಸವೇನೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ.

ನವೆಂಬರ್ ತಿಂಗಳಲ್ಲಿ ಅವರಿಗೆ ಚಳಿ ಸಹಿತ ಜ್ವರ, ವಿಪರೀತ ತಲೆನೋವು ಮತ್ತು ಮೈಕೈ ನೋವು ಆರಂಭವಾದವು. ಮೊದಲ 3 ದಿನ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಕಳೆದವು. ನಾಲ್ಕನೆಯ ದಿನ ಹೋಬಳಿಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಟೈಫಾಯ್ಡ್ ಪತ್ತೆಗೆ ಬಳಸುವ ವಿಡಾಲ್ ಪರೀಕ್ಷೆಯ ಫಲಿತಾಂಶ ಓ 1:160, ಎಚ್ 1:160 ಎಂದು ಬಂದಿತು; ಟೈಫಾಯ್ಡ್ ಬ್ಯಾಕ್ಟೀರಿಯಾದ ವಿರುದ್ಧದ ಓ, ಎಚ್ ಎಂಬ ಎರಡು ಬಗೆಯ ಪ್ರತಿಕಾಯಗಳು 160 ಪಟ್ಟು ತೆಳುಮಾಡಿದಾಗಲೂ ಕಂಡವು ಎಂದರ್ಥ. ಚೀಟಿಯ ಕೆಳಗೆ ‘ಪಾಸಿಟಿವ್’ ಎಂಬ ಮುದ್ರೆಯಿತ್ತು. ಸೆಫಿಕ್ಸೀಮ್ ಎಂಬ ಆಂಟಿಬಯಾಟಿಕ್ ಮಾತ್ರೆ ಶುರುವಾಯಿತು. ಮನೆಯಲ್ಲಿ ಮುದ್ದೆ, ಸಾರು ನಿಂತು ಗಂಜಿ, ಬ್ರೆಡ್ಡು, ಎಳನೀರು ಬಂದವು. ಎರಡು ವರ್ಷದ ಹಿಂದೆಯೂ ತಮಗೆ ಟೈಫಾಯ್ಡ್ ಆಗಿತ್ತೆಂದು ಅವರು ಹೇಳಿದರು; ಆಗಲೂ ವಿಡಾಲ್ ಪರೀಕ್ಷೆಯನ್ನೇ ಮಾಡಿದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿ ‘ನನಗೆ ಮೂರು ಸಲ ಟೈಫಾಯ್ಡ್ ಬಂದಿದೆ’ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಒಮ್ಮೆಯಾದರೂ ರಕ್ತದ ಕಲ್ಚರ್, ಎಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿಕೊಂಡವರು ಅತಿ ವಿರಳ.

ಜ್ವರದ ಏಳನೆಯ ದಿನ ಸಂಜೆ ಅವರು ನಮ್ಮಲ್ಲಿ ದಾಖಲಾದರು. ಜ್ವರ 103 ಡಿಗ್ರಿ, ನಾಡಿ ನಿಮಿಷಕ್ಕೆ 118, ನಾಲಿಗೆ ಒಣಗಿತ್ತು, ಗುಲ್ಮ ಬೆರಳ ತುದಿಗೆ ಸಿಗುವಷ್ಟು ಊದಿತ್ತು. ಟೈಫಾಯ್ಡಿನಲ್ಲಿ ಜ್ವರ ಏರಿದಷ್ಟು ನಾಡಿ ಏರುವುದಿಲ್ಲ ಎಂದು ವಿದ್ಯಾರ್ಥಿಯಾಗಿದ್ದಾಗ ಓದಿದ್ದು ನೆನಪಾಯಿತು. ಆದರೆ ಆ ಲಕ್ಷಣ ಎಲ್ಲರಲ್ಲೂ ಕಾಣುವುದಿಲ್ಲ ಎಂಬುದೂ ಗೊತ್ತಿದ್ದುದರಿಂದ ಅಷ್ಟಕ್ಕೇ ಬಿಟ್ಟೆ. ಕೈಯಲ್ಲಿ ಚೀಟಿ ಇತ್ತು. ಕೇಸ್ ಶೀಟಿನ ಮೊದಲ ಸಾಲಿನಲ್ಲಿ ‘ಟೈಫಾಯ್ಡ್ ಜ್ವರ’ ಎಂದು ಬರೆದೆ. ‘ಟೈಫಾಯ್ಡ್ ಇರಬಹುದೇ?’ ಎಂದು ಬರೆಯಲಿಲ್ಲ. ಮುಂದಿನ 5 ದಿನಗಳ ದಿಕ್ಕನ್ನು ನಿರ್ಧರಿಸಿದ್ದು ಆ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿದ್ದುದೇ ಎಂದು ಈಗ ಅನಿಸುತ್ತದೆ.

ಸಮಸ್ಯೆ ಎಲ್ಲಿತ್ತು

ಮೊದಲ ವಾರದಲ್ಲಿ ಟೈಫಾಯ್ಡ್, ಡೆಂಗಿ, ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್ ಇವೆಲ್ಲ ಹೆಚ್ಚುಕಡಿಮೆ ಒಂದೇ ಮುಖ ಹೊತ್ತು ಬರುತ್ತವೆ: ಜ್ವರ, ತಲೆನೋವು, ಮೈಕೈ ನೋವು, ವಾಕರಿಕೆ. ಇವುಗಳಲ್ಲಿ ಟೈಫಾಯ್ಡನ್ನು ಖಚಿತಪಡಿಸಲು ರಕ್ತ ಅಥವಾ ಮೂಳೆ ಮಜ್ಜೆಯಿಂದ ಸಾಲ್ಮೊನೆಲ್ಲಾ ಟೈಫಿ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಬೇಕು. ರಕ್ತದ ಕಲ್ಚರ್ ನಿಜವಾದ ಟೈಫಾಯ್ಡ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಹಿಡಿಯುತ್ತದೆ, ಏಕೆಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇರಬಹುದು, ಎಷ್ಟೋ ಸಲ ಅದೂ ಇರುವುದಿಲ್ಲ. ಅದಕ್ಕಾಗಿಯೇ ದೊಡ್ಡವರಲ್ಲಿ ಕನಿಷ್ಠ 10 ಮಿಲಿಲೀಟರ್ ರಕ್ತ ತೆಗೆಯಬೇಕು, ಅದನ್ನೂ ಆಂಟಿಬಯಾಟಿಕ್‌ನ ಮೊದಲ ಗುಟುಕು ಒಳಹೋಗುವ ಮುನ್ನವೇ ತೆಗೆಯಬೇಕು. ಮೂಳೆ ಮಜ್ಜೆಯ ಕಲ್ಚರ್ ಔಷಧ ಕೊಟ್ಟ ಮೇಲೂ ಶೇ. 80ಕ್ಕಿಂತ ಹೆಚ್ಚು ಮಂದಿಯಲ್ಲಿ ಫಲಿತಾಂಶ ಕೊಡುತ್ತದೆ. ಆದರೆ ಜ್ವರ ಬಂದ ಪ್ರತಿಯೊಬ್ಬರ ಮೂಳೆಗೆ ಸೂಜಿ ಹಾಕಲು ಯಾವ ತಾಲ್ಲೂಕು ಆಸ್ಪತ್ರೆಯಿಂದಲೂ ಆಗದು.

ಈ ಕೊರತೆಯನ್ನು ತುಂಬಲು ಬಂದದ್ದೇ ವಿಡಾಲ್. 1896ರಲ್ಲಿ ಪ್ಯಾರಿಸ್ಸಿನಲ್ಲಿ ಫರ್ನಾಂಡ್ ವಿಡಾಲ್ ರೂಪಿಸಿದ ಈ ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ, ಯಂತ್ರ ಬೇಕಿಲ್ಲ. ಭಾರತ, ನೇಪಾಳ, ಬಾಂಗ್ಲಾದೇಶದಿಂದ ಹಿಡಿದು ಆಫ್ರಿಕಾದ ಅನೇಕ ದೇಶಗಳವರೆಗೆ ಟೈಫಾಯ್ಡ್ ಎಂಬ ಹಣೆಪಟ್ಟಿಯನ್ನು ಇಂದಿಗೂ ಹೆಚ್ಚಾಗಿ ಹಚ್ಚುತ್ತಿರುವುದು ಇದೇ. ನಮ್ಮ ಲ್ಯಾಬಿನಲ್ಲಿ ಇದನ್ನು ಮಾಡುವುದನ್ನು ಈ ಪ್ರಕರಣದ ನಂತರ ಪಕ್ಕದಲ್ಲೇ ನಿಂತು ನೋಡಿದೆ. ಗಾಜಿನ ಹಲಗೆಯ ಮೇಲಿನ ವೃತ್ತಗಳಲ್ಲಿ ರೋಗಿಯ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) 80, 40, 20, 10, 5 ಮೈಕ್ರೋಲೀಟರ್ ಎಂದು ಇಳಿಸುತ್ತಾ ಹಾಕುತ್ತಾರೆ. ಪ್ರತಿಯೊಂದಕ್ಕೂ ಒಂದು ಹನಿ ಆಂಟಿಜೆನ್ (ಸತ್ತ ಟೈಫಾಯ್ಡ್ ಬ್ಯಾಕ್ಟೀರಿಯಾಗಳ ದ್ರಾವಣ) ಸೇರಿಸಿ, ಕಡ್ಡಿಯಿಂದ ಕಲಸಿ, ಒಂದು ನಿಮಿಷ ಹಲಗೆಯನ್ನು ಮೆಲ್ಲಗೆ ಅಲುಗಾಡಿಸಿ, ಬೆಳಕಿನಲ್ಲಿ ನೋಡುತ್ತಾರೆ. ಹಾಲು ಒಡೆದಂತೆ ಕಣಕಣವಾಗಿ ಗಂಟುಕಟ್ಟಿದರೆ ಪಾಸಿಟಿವ್. 10 ಮೈಕ್ರೋಲೀಟರಿನ ವೃತ್ತ ಒಡೆದರೆ 1:160, 5ರ ವೃತ್ತವೂ ಒಡೆದರೆ 1:320. ಎಂದರೆ 160ಕ್ಕೂ 320ಕ್ಕೂ ಇರುವ ಅಂತರ ಒಂದೇ ಒಂದು ವೃತ್ತ, ಪಿಪೆಟ್ಟಿನ ತುದಿಯಲ್ಲಿ ನಿಂತ ಅರ್ಧ ಹನಿ, ನೋಡುವ ಕಣ್ಣಿನ ಒಂದು ಅನುಮಾನ. ಹಲಗೆಯ ಮೇಲೆ ಕಂಡದ್ದನ್ನು ನಳಿಕೆ ವಿಧಾನದಲ್ಲಿ ಮತ್ತೆ ಮಾಡಿ ಖಚಿತಪಡಿಸಿಕೊಳ್ಳಬೇಕೆಂಬುದು ನಿಯಮ. ದಿನಕ್ಕೆ ನಲವತ್ತು ಜ್ವರದ ರಕ್ತ ಬರುವ ಸಣ್ಣ ಲ್ಯಾಬಿನಲ್ಲಿ ಒಬ್ಬರೇ ತಂತ್ರಜ್ಞೆ ಇದ್ದಾಗ ಆ ನಿಯಮ ಎಷ್ಟರಮಟ್ಟಿಗೆ ಉಳಿದೀತು? ಈ ವಿಷಯದಲ್ಲಿ ನಾನು ಅವರನ್ನು ದೂರಲಾರೆ.

ದಿನಗಳ ಲೆಕ್ಕವೂ ಇಲ್ಲಿ ಮುಖ್ಯ. ಟೈಫಾಯ್ಡಿನಲ್ಲಿ ಓ ಪ್ರತಿಕಾಯಗಳು ಸಾಮಾನ್ಯವಾಗಿ 6ರಿಂದ 8ನೆಯ ದಿನ, ಎಚ್ ಪ್ರತಿಕಾಯಗಳು 10ರಿಂದ 12ನೆಯ ದಿನ ಕಾಣಿಸಿಕೊಳ್ಳುತ್ತವೆ. ಈ ರೋಗಿಯ ರಕ್ತ ತೆಗೆದದ್ದು ನಾಲ್ಕನೆಯ ದಿನ. ಆ ದಿನವೇ ಎರಡೂ 160 ಇದ್ದವೆಂದರೆ ಅವು ಈ ಜ್ವರಕ್ಕೆ ಹುಟ್ಟಿದವು ಎನ್ನುವುದಕ್ಕಿಂತ, ಹಿಂದೆಂದೋ ಆದ ಸೋಂಕಿನಿಂದ, ಲಸಿಕೆಯಿಂದ ಅಥವಾ ಬೇರೆ ಸಾಲ್ಮೊನೆಲ್ಲಾಗಳ ಸಂಪರ್ಕದಿಂದ ಉಳಿದುಕೊಂಡವು ಎನ್ನುವುದೇ ಹೆಚ್ಚು ಸಂಭವನೀಯ. ಟೈಫಾಯ್ಡ್ ಸದಾ ಇರುವ ಪ್ರದೇಶದಲ್ಲಿ ಆರೋಗ್ಯವಂತರ ರಕ್ತದಲ್ಲೂ ಇಷ್ಟು ಪ್ರಮಾಣ ಸಿಗುತ್ತದೆ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಸರಿಯಾಗಿ ಉತ್ತರಿಸುತ್ತಿದ್ದೆ.

ಏನೇನು ಮಾಡಿದೆವು

ದಾಖಲಾದ ಸಂಜೆಯೇ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ದಿನಕ್ಕೆ 2 ಗ್ರಾಂನಂತೆ ಆರಂಭಿಸಿದೆವು. ಕಲ್ಚರ್‌ಗೆ ರಕ್ತ ತೆಗೆದದ್ದು ಮರುದಿನ ಬೆಳಿಗ್ಗೆ, ಏಕೆಂದರೆ ಜಿಲ್ಲಾ ಕೇಂದ್ರದ ಲ್ಯಾಬಿಗೆ ಮಾದರಿಗಳನ್ನು ಒಯ್ಯುವವರು ಬೆಳಿಗ್ಗೆ ಮಾತ್ರ ಬರುತ್ತಿದ್ದರು. ತೆಗೆದದ್ದು ಒಂದೇ ಬಾಟಲಿಗೆ 5 ಮಿಲಿಲೀಟರ್. ಅಷ್ಟು ಹೊತ್ತಿಗೆ ಅವರ ಮೈಯಲ್ಲಿ 3 ದಿನದ ಮಾತ್ರೆ ಮತ್ತು ಒಂದು ಇಂಜೆಕ್ಷನ್ ಸೇರಿದ್ದವು. ಆ ಬಾಟಲಿಯಿಂದ ಯಾವ ಉತ್ತರವನ್ನೂ ನಿರೀಕ್ಷಿಸುವಂತಿರಲಿಲ್ಲ, ಹಾಗೆಯೇ ಆಯಿತು: ಬೆಳವಣಿಗೆ ಇಲ್ಲ. ಬಂದ ಉತ್ತರವನ್ನು ನಾವು ‘ಔಷಧದ ಪರಿಣಾಮ’ ಎಂದು ಓದಿಕೊಂಡೆವು. ಪಾಸಿಟಿವ್ ಬಂದಿದ್ದರೆ ಟೈಫಾಯ್ಡ್, ನೆಗೆಟಿವ್ ಬಂದರೂ ಟೈಫಾಯ್ಡ್ ಎನ್ನುವ ಸ್ಥಿತಿಯಲ್ಲಿ ಒಂದು ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಅಂದು ಅದು ಹೊಳೆಯಲಿಲ್ಲ.

ಮಲೇರಿಯಾ ಸ್ಮಿಯರ್ ಮತ್ತು ಡೆಂಗಿ ಪರೀಕ್ಷೆ ನೆಗೆಟಿವ್ ಬಂದವು. ಪ್ಲೇಟ್‌ಲೆಟ್ 92,000ಕ್ಕೆ ಇಳಿದಿತ್ತು, ಯಕೃತ್ತಿನ ಕಿಣ್ವಗಳು ಸಾಮಾನ್ಯಕ್ಕಿಂತ ಮೂರು ಪಟ್ಟು ಏರಿದ್ದವು. ಟೈಫಾಯ್ಡಿನಲ್ಲೂ ಇವು ಆಗುತ್ತವೆ ಎಂದುಕೊಂಡೆವು. ಒಂಬತ್ತನೆಯ ದಿನ ಜ್ವರ ಇಳಿಯದಿದ್ದಾಗ ವಿಡಾಲನ್ನು ಮತ್ತೆ ಮಾಡಿಸಿದೆ. ಈ ಬಾರಿ ಓ 1:320. ರೋಗಿಯ ಗಂಡ ಎರಡೂ ಚೀಟಿಗಳನ್ನು ಕೈಯಲ್ಲಿ ಹಿಡಿದು ಬಂದು, “ಸಾರ್, ಟೈಫಾಯ್ಡ್ ಡಬಲ್ ಆಗಿದೆಯಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗ್ಲಾ?” ಎಂದು ಕೇಳಿದರು. ಟೈಟರ್ (160, 320 ಎಂಬ ಆ ಸಂಖ್ಯೆ) ನಾಲ್ಕು ಪಟ್ಟು ಏರಿದರೆ ಮಾತ್ರ, ಎಂದರೆ ಎರಡು ವೃತ್ತ ಮುಂದೆ ಹೋದರೆ ಮಾತ್ರ, ಅದಕ್ಕೆ ಬೆಲೆ. ಒಂದು ವೃತ್ತದ ಏರಿಳಿತ ಪರೀಕ್ಷೆಯ ದೋಷದ ಮಿತಿಯೊಳಗೇ ಬರುತ್ತದೆ ಎಂದು ನಾನು ಅವರಿಗೆ ವಿವರಿಸಬೇಕಿತ್ತು. ವಿವರಿಸಲಿಲ್ಲ, ಏಕೆಂದರೆ ಆ 320 ನನ್ನ ಮನಸ್ಸಿಗೂ ಸಮಾಧಾನ ಕೊಟ್ಟಿತ್ತು.

ಹತ್ತು ಮತ್ತು ಹನ್ನೊಂದನೆಯ ದಿನಗಳು ಈ ಪ್ರಕರಣದ ಅತ್ಯಂತ ಕಠಿಣ ಭಾಗ. ಇಲ್ಲಿ ಟೈಫಾಯ್ಡಿನದೇ ಒಂದು ವಿಶೇಷ ಗುಣ ನಮ್ಮನ್ನು ಕಟ್ಟಿಹಾಕಿತು. ಸರಿಯಾದ ಔಷಧ ಕೊಟ್ಟರೂ ಟೈಫಾಯ್ಡ್ ಜ್ವರ ಮರುದಿನವೇ ಇಳಿಯುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಕೊಟ್ಟಾಗ 5ರಿಂದ 7 ದಿನ ಹಿಡಿಯುವುದು ಸಾಮಾನ್ಯ. ಆದ್ದರಿಂದ ನಾಲ್ಕನೆಯ ಇಂಜೆಕ್ಷನ್ ಆದಮೇಲೂ ಇರುವ ಜ್ವರ ‘ರೋಗ ಬೇರೆ’ ಎಂದು ಹೇಳುತ್ತಿದೆಯೋ, ‘ಇನ್ನೂ ಸ್ವಲ್ಪ ಕಾಯಿರಿ’ ಎಂದು ಹೇಳುತ್ತಿದೆಯೋ ತಿಳಿಯುವುದಿಲ್ಲ. ರೋಗ ಖಚಿತವಾಗಿದ್ದರೆ ಕಾಯುವುದು ತಾಳ್ಮೆ. ಖಚಿತವಾಗಿಲ್ಲದಿದ್ದರೆ ಅದೇ ಕಾಯುವಿಕೆ ಅಪಾಯ. ನಮ್ಮದು ಯಾವುದೆಂದು ಹೇಳಬಲ್ಲ ಒಂದೇ ಒಂದು ಮಾದರಿಯನ್ನು ಮೊದಲ ದಿನವೇ ಕಳೆದುಕೊಂಡಿದ್ದೆವು.

ಹನ್ನೊಂದನೆಯ ದಿನ ರಾತ್ರಿ ಹಿರಿಯ ಸಹೋದ್ಯೋಗಿಯೊಂದಿಗೆ ಚರ್ಚಿಸಿದೆ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿದ ವಿಷಯ ಇಬ್ಬರ ಮನಸ್ಸಿನಲ್ಲೂ ಇತ್ತು. ಇದೂ ಅಂಥದ್ದೇ ಇರಬಹುದೆಂದು ಮೆರೋಪೆನೆಮ್ ಎಂಬ ಇನ್ನೂ ಪ್ರಬಲವಾದ ಆಂಟಿಬಯಾಟಿಕ್ ತರಿಸುವ ಮಾತಾಯಿತು. ಅದರ ವೆಚ್ಚ ಕೇಳಿ ರೋಗಿಯ ಗಂಡ ಒಂದು ಹಸು ಮಾರುವ ಲೆಕ್ಕ ಹಾಕತೊಡಗಿದರು. ಆ ರಾತ್ರಿಯ ಚರ್ಚೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ: ಇಬ್ಬರು ವೈದ್ಯರು ಅರ್ಧ ಗಂಟೆ ಔಷಧವನ್ನು ಅನುಮಾನಿಸಿದೆವು, ಬ್ಯಾಕ್ಟೀರಿಯಾದ ತಳಿಯನ್ನು ಅನುಮಾನಿಸಿದೆವು, ಡೋಸನ್ನು ಅನುಮಾನಿಸಿದೆವು. ರೋಗದ ಹೆಸರನ್ನು ಅನುಮಾನಿಸಲಿಲ್ಲ.

ತಿರುವು

ಹನ್ನೆರಡನೆಯ ದಿನ ನಸುಕಿನಲ್ಲಿ ರೋಗಿಗೆ ಉಸಿರು ಬಿಗಿಯತೊಡಗಿತು. ಉಸಿರಾಟ ನಿಮಿಷಕ್ಕೆ 30, ಆಮ್ಲಜನಕ ಶೇ. 91, ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಮೋಡ ಕವಿದಂತೆ ಕಲೆಗಳು. ಆಮ್ಲಜನಕ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳುಹಿಸಲು ಆಂಬುಲೆನ್ಸ್ ಹೇಳಿದೆವು. ಅದು ಬರುವುದರೊಳಗೆ ರೋಗಿಯ ಮೈ ಒರೆಸಿ ಬಟ್ಟೆ ಬದಲಿಸಲು ಹೋದ ಸ್ಟಾಫ್ ನರ್ಸ್ ನನ್ನನ್ನು ಕರೆಯಿಸಿದರು.

ಎಡ ಸ್ತನದ ಕೆಳಗಿನ ಮಡಿಕೆಯಲ್ಲಿ ಅವರೆಕಾಳಿಗಿಂತ ತುಸು ಚಿಕ್ಕದಾದ ಕಪ್ಪು ಹಕ್ಕಳೆಯಿತ್ತು. ನಡುವೆ ಇದ್ದಿಲಿನಂತೆ ಕಪ್ಪು, ಅಂಚಿನಲ್ಲಿ ಸ್ವಲ್ಪ ಉಬ್ಬು, ಸುತ್ತ ತಿಳಿಗೆಂಪಿನ ಉಂಗುರ. ಮುಟ್ಟಿದರೆ ನೋವಿಲ್ಲ, ಕೀವಿಲ್ಲ, ತುರಿಕೆಯಿಲ್ಲ. ಕಂಕುಳಲ್ಲಿ ಒಂದು ಗಂಟು ಊದಿತ್ತು. “ಜ್ವರ ಬರೋಕೆ ಮುಂಚೇನೇ ಎದ್ದಿತ್ತು ಸಿಸ್ಟರ್, ನೋವೇನಿಲ್ಲ ಅಂತ ಹೇಳ್ಲಿಲ್ಲ” ಎಂದು ರೋಗಿ ತಗ್ಗಿದ ದನಿಯಲ್ಲಿ ಹೇಳಿದರು. ಎಲ್ಲಿ ಕೆಲಸ ಮಾಡುತ್ತಿದ್ದರೆಂದು ಆಗ ಮೊದಲ ಬಾರಿಗೆ ಕೇಳಿದೆ. ಬದುವಿನ ಹುಲ್ಲಿನ ವಿಷಯ ತಿಳಿದದ್ದು ಆಗಲೇ.

ಅದು ಸ್ಕ್ರಬ್ ಟೈಫಸ್‌ನ ಗುರುತು. ಹುಲ್ಲು ಪೊದೆಗಳಲ್ಲಿರುವ ಒಂದು ಬಗೆಯ ನುಸಿಯ ಮರಿ ಕಚ್ಚಿದಾಗ ಓರಿಯೆನ್ಷಿಯಾ ಸುತ್ಸುಗಮುಷಿ ಎಂಬ ಬ್ಯಾಕ್ಟೀರಿಯಾ ದೇಹ ಸೇರಿ, ಕಚ್ಚಿದ ಜಾಗದಲ್ಲಿ ಇಂಥ ಹಕ್ಕಳೆ ಕಟ್ಟುತ್ತದೆ. ಕಂಕುಳು, ತೊಡೆಯ ಸಂದು, ಸ್ತನದ ಕೆಳಗೆ, ಲಂಗದ ಲಾಡಿ ಕಟ್ಟುವ ಸೊಂಟದ ಸುತ್ತ, ಹೀಗೆ ಬಟ್ಟೆ ಬಿಗಿಯುವ ಮತ್ತು ಚರ್ಮ ಮಡಿಸುವ ಕಡೆಗಳಲ್ಲೇ ಅದು ಹೆಚ್ಚು. ಎಲ್ಲ ರೋಗಿಗಳಲ್ಲೂ ಸಿಗುವುದಿಲ್ಲ. ಸಿಕ್ಕರೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೇಗನೆಯ ಪರೀಕ್ಷೆ ಮತ್ತೊಂದಿಲ್ಲ. ಜೀವಕೋಶದ ಒಳಗೆ ಅಡಗಿ ಬೆಳೆಯುವ ಈ ಬ್ಯಾಕ್ಟೀರಿಯಾದ ಮೇಲೆ ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡುವುದಿಲ್ಲ. ಐದು ದಿನ ನಾವು ಕೊಟ್ಟ ಇಂಜೆಕ್ಷನ್‌ಗಳು ಅವರ ನಿಜವಾದ ರೋಗವನ್ನು ಮುಟ್ಟಿಯೇ ಇರಲಿಲ್ಲ.

ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ ಎಂದು ಬರೆದು, ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿ, ರೋಗಿಯನ್ನು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ವೆಂಟಿಲೇಟರ್ ಹಾಕುವ ಹಂತ ಬರಲಿಲ್ಲ. 48 ಗಂಟೆಯೊಳಗೆ ಜ್ವರ ಬಿಟ್ಟಿತು. ನಾಲ್ಕನೆಯ ದಿನ ಆಮ್ಲಜನಕ ತೆಗೆದರು. ಒಟ್ಟು 7 ದಿನದ ಚಿಕಿತ್ಸೆ ಮುಗಿಸಿ ಮನೆಗೆ ಹೋದರು. ಸ್ಕ್ರಬ್ ಟೈಫಸ್‌ನ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಪಾಸಿಟಿವ್ ಬಂದಿತು. ಆ ಪರೀಕ್ಷೆಗೂ ತನ್ನದೇ ಮಿತಿಗಳಿವೆ ಎಂಬುದನ್ನು ಮರೆಯಬಾರದು. ನಮ್ಮನ್ನು ಒಪ್ಪಿಸಿದ್ದು ಆ ಚೀಟಿಗಿಂತ ಹೆಚ್ಚಾಗಿ ಹಕ್ಕಳೆ ಮತ್ತು ಔಷಧಕ್ಕೆ ಅಷ್ಟು ಬೇಗ ಸಿಕ್ಕ ಸ್ಪಂದನೆ.

ತೀರ್ಮಾನಗಳನ್ನು ಹಿಂತಿರುಗಿ ನೋಡಿದಾಗ

ಟೈಫಸ್ (ಸ್ಕ್ರಬ್ ಟೈಫಸ್ ಸೇರಿದ ಜ್ವರಗಳ ಗುಂಪು) ಮತ್ತು ಟೈಫಾಯ್ಡ್ ನಡುವಿನ ಗೊಂದಲ ಹೊಸದಲ್ಲ. ‘ಟೈಫಾಯ್ಡ್’ ಎಂದರೆ ‘ಟೈಫಸ್‌ನಂತಿರುವುದು’ ಎಂದೇ ಅರ್ಥ. ಎರಡೂ ಬೇರೆ ಬೇರೆ ರೋಗಗಳೆಂದು ಅಮೆರಿಕದ ವೈದ್ಯ ವಿಲಿಯಂ ಗೆರ್ಹಾರ್ಡ್ ಫಿಲಡೆಲ್ಫಿಯಾದಲ್ಲಿ ತೋರಿಸಿಕೊಟ್ಟದ್ದು 1837ರಲ್ಲಿ. ಮುಂದೆ 1948ರಲ್ಲಿ ಜೋಸೆಫ್ ಸ್ಮಾಡೆಲ್ ಮತ್ತು ಥಿಯೊಡೋರ್ ವುಡ್ವರ್ಡ್ ಅವರ ತಂಡ ಸ್ಕ್ರಬ್ ಟೈಫಸ್ ರೋಗಿಗಳಿಗೆ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಕೊಟ್ಟು ನೋಡಲು ಮಲಯಾದ (ಇಂದಿನ ಮಲೇಷ್ಯಾದ) ಕೌಲಾಲಂಪುರಕ್ಕೆ ಹೋಗಿತ್ತು. ಸ್ಕ್ರಬ್ ಟೈಫಸ್ ಎಂದುಕೊಂಡು ಔಷಧ ಕೊಟ್ಟವರಲ್ಲಿ ಕೆಲವರಿಗೆ ಇದ್ದದ್ದು ಟೈಫಾಯ್ಡ್ ಎಂದು ಆಮೇಲೆ ತಿಳಿಯಿತು, ಮತ್ತು ಅವರೂ ಗುಣವಾಗಿದ್ದರು. ಟೈಫಾಯ್ಡಿಗೆ ಮೊದಲ ಪರಿಣಾಮಕಾರಿ ಔಷಧ ಸಿಕ್ಕಿದ್ದು ಹೀಗೆ, ರೋಗನಿರ್ಣಯದ ಒಂದು ತಪ್ಪಿನಿಂದ. ಅವರಿಗೆ ತಪ್ಪು ತಿಳಿದದ್ದು ಕಲ್ಚರ್ ಮಾಡಿದ್ದರಿಂದ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಇದನ್ನು ಹೇಳಲು ಕಾರಣವಿದೆ. ಸೆಫ್ಟ್ರಿಯಾಕ್ಸೋನ್ ಬದಲು ನಾವು ಮೊದಲ ದಿನ ಅಜಿಥ್ರೋಮೈಸಿನ್ ಕೊಟ್ಟಿದ್ದರೆ ಈ ರೋಗಿ ಬಹುಶಃ ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತಿದ್ದರು, ಏಕೆಂದರೆ ಆ ಔಷಧ ಎರಡೂ ರೋಗಗಳ ಮೇಲೆ ಕೆಲಸ ಮಾಡುತ್ತದೆ. ಅವರ ಪಾಲಿಗೆ ಅದು ಖಂಡಿತ ಒಳ್ಳೆಯದೇ. ಆದರೆ ‘ವಿಡಾಲ್ ಪಾಸಿಟಿವ್, ಔಷಧಕ್ಕೆ ಗುಣ, ಆದ್ದರಿಂದ ಟೈಫಾಯ್ಡ್’ ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಹಾಗೆ ಗಟ್ಟಿಯಾದ ಲೆಕ್ಕಗಳು ನಮ್ಮಲ್ಲಿ ಎಷ್ಟಿವೆಯೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಹೆಚ್ಚು ನೋಯಿಸುವುದು ಮೈ ಪರೀಕ್ಷೆಯ ಲೋಪ. ಜನರಲ್ ವಾರ್ಡಿನಲ್ಲಿ ಹಾಸಿಗೆಗಳ ನಡುವೆ ಪರದೆ ಇರಲಿಲ್ಲ; ಇದ್ದ ಒಂದು ಮಡಚುವ ಪರದೆ ಹೆರಿಗೆ ಕೋಣೆಯಲ್ಲಿತ್ತು. ಗಂಡಸು ವೈದ್ಯನಾದ ನಾನು ಹೊಟ್ಟೆ, ಎದೆಯ ಮೇಲ್ಭಾಗ, ಬೆನ್ನು ನೋಡಿ ‘ಸಂಪೂರ್ಣ ಪರೀಕ್ಷೆ ಮಾಡಲಾಗಿದೆ’ ಎಂದು ಬರೆದಿದ್ದೆ. ಹಕ್ಕಳೆ ನಮ್ಮಲ್ಲಿ ದಾಖಲಾದ ದಿನವೂ ಅಲ್ಲೇ ಇತ್ತು. ಆ ವಾರ ವಿಡಾಲ್ ಎರಡು ಸಲ ಮಾಡಿಸಲು ಆದ ಖರ್ಚಿಗೂ ಒಂದು ಪರದೆ ಬಟ್ಟೆಯ ಬೆಲೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ನಂತರ ಆಸ್ಪತ್ರೆಯಲ್ಲಿ ಕೆಲವು ಬದಲಾವಣೆ ಮಾಡಿಕೊಂಡೆವು. ವಾರ್ಡಿಗೆ ಪರದೆ ಬಂದವು. ಹೆಂಗಸರ ಮೈ ಪರೀಕ್ಷೆಯನ್ನು ನರ್ಸ್ ಜೊತೆಗಿದ್ದು, ಹಕ್ಕಳೆ ಹುಡುಕುವ ಉದ್ದೇಶವನ್ನು ಮೊದಲೇ ತಿಳಿಸಿ ಮಾಡುವುದು ರೂಢಿಯಾಯಿತು. ಮೊದಲ ವಾರದ ಜ್ವರಕ್ಕೆ ವಿಡಾಲ್ ಬರೆಯುವುದನ್ನು ನಿಲ್ಲಿಸಿದೆವು. ಇದಕ್ಕೆ ಹೊರಗಿನಿಂದ ಬಂದ ವಿರೋಧವೇ ಹೆಚ್ಚು, ಏಕೆಂದರೆ ‘ಟೈಫಾಯ್ಡ್ ಟೆಸ್ಟೇ ಮಾಡ್ಲಿಲ್ಲ’ ಎಂದು ರೋಗಿಗಳು ಬೇಸರಪಟ್ಟು ಹೋಗುತ್ತಿದ್ದರು. ಕಲ್ಚರ್ ಬಾಟಲಿಗಳನ್ನು ತುರ್ತು ಚಿಕಿತ್ಸೆಯ ಕೋಣೆಯಲ್ಲೇ ಇಟ್ಟು, ಎಷ್ಟೇ ಹೊತ್ತಿಗೆ ರೋಗಿ ಬಂದರೂ ಮೊದಲ ಡೋಸಿಗೆ ಮುನ್ನ ಎರಡು ಬಾಟಲಿಗೆ 10 ಮಿಲಿಲೀಟರ್ ರಕ್ತ ತೆಗೆಯತೊಡಗಿದೆವು. ಮಾದರಿ ಒಯ್ಯುವವರು ಬರುವತನಕ ಬಾಟಲಿಯನ್ನು ಫ್ರಿಡ್ಜಿನಲ್ಲಿಡದೆ ಕೋಣೆಯ ತಾಪದಲ್ಲೇ ಇಟ್ಟರೆ ಸಾಕು ಎಂಬ ಸಣ್ಣ ಸಂಗತಿ ಮೊದಲೇ ನೆನಪಾಗಿದ್ದರೆ ಆ ಸಂಜೆಯ ರಕ್ತ ಮರುದಿನಕ್ಕೆ ಕಾಯಬೇಕಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಂಥ ಒಂದು ಬಾಟಲಿಯಲ್ಲಿ ಸಾಲ್ಮೊನೆಲ್ಲಾ ಟೈಫಿ ಬೆಳೆಯಿತು. ಹಾಸ್ಟೆಲ್ಲಿನಲ್ಲಿದ್ದ ಹುಡುಗ, ಹೊರಗೆ ಮಾಡಿಸಿಕೊಂಡು ಬಂದ ವಿಡಾಲ್ ನೆಗೆಟಿವ್. ಸಿಪ್ರೋಫ್ಲಾಕ್ಸಸಿನ್‌ಗೆ ಬಗ್ಗದ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುವ ತಳಿ. ಅವನ ಜ್ವರವೂ ಆರನೆಯ ಇಂಜೆಕ್ಷನ್‌ವರೆಗೆ ಇಳಿಯಲಿಲ್ಲ. ತಾಯಿ ಪ್ರತಿದಿನ ಬಂದು ಕೇಳುತ್ತಿದ್ದರು; ನಾವು ಔಷಧ ಬದಲಿಸದೆ ಕಾದೆವು, ಏಕೆಂದರೆ ಯಾವುದಕ್ಕೆ ಕಾಯುತ್ತಿದ್ದೇವೆಂದು ಈ ಸಲ ನಮಗೆ ಗೊತ್ತಿತ್ತು.

ಆ ಮಹಿಳೆ ಮನೆಗೆ ಹೋದ ಎರಡು ವಾರದ ನಂತರ ಮರುಪರೀಕ್ಷೆಗೆ ಬಂದಿದ್ದರು. ಹಕ್ಕಳೆ ಉದುರಿ, ಆ ಜಾಗದಲ್ಲಿ ಮಾಸಲು ಗುರುತು ಉಳಿದಿತ್ತು. ಮುದ್ದೆ ತಿನ್ನಬಹುದೇ, ಹುಲ್ಲು ಕೊಯ್ಯಲು ಹೋಗಬಹುದೇ ಎಂದು ಕೇಳಿದರು. ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ, ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಒಗೆಯಲು ಹೇಳಿದೆ. ಬಂದದ್ದು ಟೈಫಾಯ್ಡ್ ಆಗಿರಲಿಲ್ಲ ಎಂದು ಹಳೆಯ ಚೀಟಿಗಳನ್ನು ಮುಂದಿಟ್ಟುಕೊಂಡು, ವೃತ್ತಗಳ ಲೆಕ್ಕ ಸಮೇತ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, ಚೀಟಿಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಏಳುವಾಗ ಕೇಳಿದರು: “ಹಂಗಾದ್ರೆ ಎರಡು ವರ್ಷದ ಹಿಂದೆ ಬಂದಿದ್ದು ಏನು ಸಾರ್?” ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.